ಕಾಕಾನ ಮಡಿಚುವ ಕ್ಯಾಮರಾ

ಶಾಲೆಯ ಕೆಲಸದಿಂದ ನಿವೃತ್ತನಾದ ಮಾಸ್ತರನು ಮನೆಯಲ್ಲಿ ಕುಳಿತು ಏನು ಮಾಡುವನೆಂಬದು ಹಳ್ಳಿಯಲ್ಲಿ ಎಲ್ಲರಿಗೂ ಕುತೂಹಲದ ಸಂಗತಿ. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತವನಾದುದರಿಂದ ನಾನು ಶ್ರಾವಣಮಾಸದಲ್ಲಿ ಪುರಾಣ ಹೇಳುವೆನೆಂದು ನಮ್ಮ ನೇಸರಗಿಯ ಹಿರಿಯರು ನಂಬಿಕೊಂಡಿದ್ದರು. ೨೦೨೧ರಲ್ಲಿ ನಾನು ಕೆಲಸದಿಂದ ಬಿಡುಗಡೆ ಹೊಂದಿದೆನು. ಮರುವರುಷದಿಂದ ಅವರು ಕಂಡದ್ದು ಬೇರೊಂದು ನೋಟವನ್ನು. ಹೊತ್ತು ಮೂಡುವ ಮೊದಲು ನಾನು ಹೆಗಲಿಗೆ ಚೀಲ ಹಾಕಿಕೊಂಡು ಊರ ಜೋಡುಗುಡಿಯ ಕಡೆಗೆ ಹೊರಡುವದು, ಅಲ್ಲಿ ಒಂದು ಕರಿಯ ಡಬ್ಬಿಯನ್ನು ಬಿಚ್ಚಿ ಅದರ ಹೊಟ್ಟೆಯೊಳಗಿಂದ ಮಡಿಕೆಮಡಿಕೆಯಾದ ತೊಗಲನ್ನು ಎಳೆಯುವದು, ಒಂದು ಗಳಿಗೆ ಅದರ ಮೇಲೆ ಬಾಗಿ ನಿಂತು ಮತ್ತೆ ಮಡಿಚಿ ಚೀಲದೊಳಗೆ ಇಡುವದು. ದನ ಹೊಡೆದುಕೊಂಡು ಹೋಗುವ ಹುಡುಗರು ಅದಕ್ಕೆ ‘ಪೇಟಿಯ ಮರಿ’ ಎಂದು ಹೆಸರಿಟ್ಟರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುವದು ವಾಚಕರಿಗೆ ಗೊತ್ತೇ ಇದೆ. ಹೆಸರು ತಪ್ಪಲ್ಲ, ಪೇಟಿಗೆ ಇರುವಂತೆ ಇದಕ್ಕೂ ತಿದಿ ಉಂಟು. ಅದು ಗಾಳಿಯನ್ನು ನುಂಗಿ ನಾದ ಕೊಡುವದು. ಇದು ಬೆಳಕನ್ನು ನುಂಗಿ ಸುಮ್ಮನಿರುವದು.

ಈ ಯಂತ್ರವು ಜರ್ಮನಿಯ ಆಗ್ಫಾ ಕಂಪನಿಯ ‘ಬಿಲ್ಲಿ ರೆಕಾರ್ಡ್’ ಎಂಬ ಮಾದರಿಯದು. ಎರಡನೆಯ ಮಹಾಯುದ್ಧಕ್ಕಿಂತ ಮೊದಲಿನ ಕಾಲದ ಸರಕು. ಮುಚ್ಚಿದಾಗ ಒಂದು ದಪ್ಪ ಪಂಚಾಂಗದಷ್ಟು ಆಗುವದು. ಗುಂಡಿ ಒತ್ತಿದರೆ ಮುಂದಿನ ಮುಚ್ಚಳ ಬಿದ್ದು, ತಿದಿ ಎಳೆದುಕೊಂಡು, ಅದರ ಮೂತಿಗೆ ಮಸೂರ ನಿಲ್ಲುವದು. ಹಿಂದಿನ ಬಾಗಿಲಲ್ಲಿ ಬೆರಳ ತುದಿಯಷ್ಟರ ಒಂದು ಕೆಂಪು ಕಿಟಕಿ. ಒಳಗೆ ಸುತ್ತಿರುವ ಫಿಲ್ಮಿನ ಬೆನ್ನ ಕಾಗದದ ಮೇಲೆ ಅಚ್ಚಾದ ಅಂಕಿಗಳು ಅದರಲ್ಲಿ ಒಂದೊಂದಾಗಿ ಕಾಣುವವು. ೧೨೦ ಎಂಬ ಸಂಖ್ಯೆಯಿಂದ ಕರೆಯಲ್ಪಡುವ ಈ ಫಿಲ್ಮಿನ ಸುರುಳಿಯನ್ನು ಅಮೇರಿಕೆಯ ಕೊಡಕ್ ಕಂಪನಿಯವರು ೧೯೦೧ರಲ್ಲಿ ಹೊರತಂದರು. ಅದು ಇಂದಿಗೂ ತಯಾರಾಗುತ್ತಲಿದೆ. ನಮ್ಮ ಕಾಲದ ಮೊಬೈಲು ಐದು ವರುಷಕ್ಕೆ ಮುದಿಯಾಗುವದನ್ನು ನೋಡುವಾಗ, ನೂರಿಪ್ಪತ್ತು ವರುಷ ದಾಟಿದ ಈ ಸುರುಳಿಯ ಆಯುಷ್ಯಕ್ಕೆ ಕೈ ಮುಗಿಯಬೇಕೆನಿಸುವದು. ಆರು ಸೆಂಟಿಮೀಟರು ಅಗಲ, ಸುಮಾರು ಎಂಬತ್ತು ಸೆಂಟಿಮೀಟರು ಉದ್ದದ ಆ ಪಟ್ಟಿಯಲ್ಲಿ ನನ್ನ ಯಂತ್ರಕ್ಕೆ ದೊರೆಯುವವು ಎಂಟೇ ಚಿತ್ರಗಳು.

ನಮ್ಮ ನಾಡಿಗೆ ಈ ವಿದ್ಯೆ ತೀರ ಹೊಸದೇನೂ ಅಲ್ಲ. ಬಿಗ್ಸ್ ಎಂಬ ತೋಪಖಾನೆಯ ಅಧಿಕಾರಿಯು ೧೮೫೫ರಲ್ಲಿ ಮುಂಬಯಿ ಸರಕಾರದ ಅಪ್ಪಣೆಯಂತೆ ವಿಜಾಪುರ, ಬಾದಾಮಿ, ಐಹೊಳೆಗಳಿಗೆ ಬಂದು ಗುಡಿ ಗುಮ್ಮಟಗಳ ಚಿತ್ರಗಳನ್ನು ಕಾಗದದ ನೆಗೆಟಿವಿನ ಮೇಲೆ ಹಿಡಿದನು. ಅವನ ತರುವಾಯ ಡಾಕ್ಟರ್ ಪಿಗೌ ಎಂಬವನು ಆ ಕೆಲಸವನ್ನು ಮುಂದುವರಿಸಿದನು. ಇವರೂ ನೀಲ್ ಎಂಬ ಇನ್ನೊಬ್ಬ ವೈದ್ಯನೂ ತೆಗೆದ ಧಾರವಾಡ ಮೈಸೂರು ಸೀಮೆಗಳ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರ ಬರಹದೊಡನೆ ೧೮೬೬ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಬಂದವು. ೧೮೭೪ರಲ್ಲಿ ಬರ್ಜೆಸ್ ಸಾಹೇಬನು ನಮ್ಮ ಬೆಳಗಾವಿ ಮತ್ತು ಅಂದಿನ ಕಲಾದಗಿ ಜಿಲ್ಲೆಗಳಲ್ಲಿ ಜನವರಿಯಿಂದ ಮೇ ತಿಂಗಳವರೆಗೆ ಸಂಚರಿಸಿ ತನ್ನ ಮೊದಲನೆಯ ವರದಿಯನ್ನು ಬರೆದನು. ಆ ಕಾಲದ ಗಾಜಿನ ಫಲಕಗಳಿಗೆ ಸ್ಥಳದಲ್ಲಿಯೇ ಮದ್ದು ಹಚ್ಚಿ, ಹಸಿಯಿರುವಾಗಲೇ ಚಿತ್ರ ತೆಗೆದು, ಹಸಿಯಿರುವಾಗಲೇ ತೊಳೆಯಬೇಕಾಗಿತ್ತು. ನಮ್ಮ ಕಡೆಯ ಏಪ್ರಿಲ್ ತಿಂಗಳ ಬಿಸಿಲನ್ನು ಉಂಡವರಿಗೆ ಅದೆಂಥ ಕೆಲಸವೆಂಬದು ತಿಳಿದೀತು. ಇಂಥ ಹೊರೆಯನ್ನು ಅಂಗಿಯ ಕಿಸೆಗೆ ಇಳಿಸಿದ್ದು ಸುರುಳಿಯ ಫಿಲ್ಮು ಮತ್ತು ಮಡಿಚುವ ತಿದಿ. ಅದು ಬಂದ ಮೇಲೆಯೇ ನನ್ನ ಕಾಕಾನಂಥ ಬಡ ಗುಮಾಸ್ತನೂ ಛಾಯಾಗ್ರಾಹಕನಾಗುವದು ಸಾಧ್ಯವಾಯಿತು.

ಕಾಕಾ ನನ್ನ ತಂದೆಯ ಕಿರಿಯ ತಮ್ಮ; ಅಂಚೆಯ ಖಾತೆಯಲ್ಲಿ ಬೆಳಗಾವಿಯಲ್ಲಿ ಕೆಲಸಕ್ಕಿದ್ದನು. ಕ್ಯಾಂಪಿನಲ್ಲಿ ಯಾರದೋ ಮನೆಯ ಹಳೆಯ ಸಾಮಾನುಗಳ ಹರಾಜಿನಲ್ಲಿ ಈ ಕ್ಯಾಮರಾ ಅವನಿಗೆ ಸಿಕ್ಕಿತಂತೆ. ಹಬ್ಬಕ್ಕೆ ಊರಿಗೆ ಬರುವಾಗ ತರುವನು. ಆಗ ಉದಕಮಂಡಲದ ಹಿಂದೂಸ್ತಾನ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರಖಾನೆಯು, ೧೯೬೦ರಲ್ಲಿ ಸ್ಥಾಪಿತವಾಗಿ ೧೯೬೭ರಿಂದ ಉತ್ಪಾದನೆಯನ್ನು ಆರಂಭಿಸಿ, ‘ಇಂದು’ ಎಂಬ ಹೆಸರಿನ ಸ್ವದೇಶಿ ಫಿಲ್ಮನ್ನು ಮಾರುತ್ತಿತ್ತು. (ಆ ಕಾರಖಾನೆ ಈಗ ಮುಚ್ಚಿಹೋಗಿದೆ.) ಕಾಕಾ ತರುತ್ತಿದ್ದುದು ಅದನ್ನೇ. ಎಂಟು ಚಿತ್ರಗಳ ಒಂದು ಸುರುಳಿ ಮೂರು ಹಬ್ಬಗಳಿಗೆ ಸಾಲಬೇಕು. ಹೀಗೆ ಅವನ ಲೆಕ್ಕ.

ನಾವು ಆಯಿ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿಯು ಎಂದೂ ಚಿತ್ರ ತೆಗೆಸಿಕೊಂಡವಳಲ್ಲ. ಚಿತ್ರ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುವದೆಂದು ಅವಳ ದೃಢವಾದ ನಂಬಿಕೆ. ಆ ಕಾಲದ ಹೆಂಗಸರು ಬಹುಜನ ಹಾಗೆಯೇ ನಂಬುತ್ತಿದ್ದರು. ೧೯೭೦ರ ನಾಗರಪಂಚಮಿಯ ಮರುದಿನ ಕಾಕಾ ಏನು ಹೇಳಿ ಒಪ್ಪಿಸಿದನೋ, ಅವಳು ಪಡಸಾಲೆಯ ಕಟ್ಟೆಯ ಮೇಲೆ ಕುಳಿತಾಗ ಅವಳ ಒಂದು ಚಿತ್ರವನ್ನು ತೆಗೆದನು. ಅದು ಸುರುಳಿಯ ಎರಡನೆಯ ಚಿತ್ರ. ಅಂದು ಒಟ್ಟು ಐದು ತೆಗೆದು, ಮಹಾನವಮಿಗೆ ಉಳಿದ ಮೂರನ್ನು ತೆಗೆಯುವೆನೆಂದು ಹೇಳಿ, ಕ್ಯಾಮರಾವನ್ನು ದೇವರ ಕೋಣೆಯ ಗೂಡಿನಲ್ಲಿಟ್ಟು ಕಾಕಾ ಬೆಳಗಾವಿಗೆ ಹೋದನು.

ನನಗೆ ಆಗ ಒಂಬತ್ತು ವರುಷ. ಆಯಿ ಆ ಡಬ್ಬಿಯೊಳಗೆ ಕುಳಿತಿರುವಳೆಂಬ ವಿಚಾರ ನನ್ನನ್ನು ಎರಡು ದಿನ ಕಾಡಿತು. ಮೂರನೆಯ ದಿನ ಮಧ್ಯಾಹ್ನ, ದೊಡ್ಡವರೆಲ್ಲ ಹೊಲಕ್ಕೆ ಹೋಗಿದ್ದಾಗ, ಗೂಡಿನಿಂದ ಕ್ಯಾಮರಾ ಇಳಿಸಿ ಹಿಂದಿನ ಬಾಗಿಲನ್ನು ತೆರೆದೆನು. ಒಳಗೆ ಕಾಗದವಲ್ಲದೆ ಏನೂ ಕಾಣಲಿಲ್ಲ. ಕೂಡಲೆ ಮುಚ್ಚಿ ಮೊದಲಿನಂತೆ ಇಟ್ಟೆನು. ಇದು ನನ್ನ ಅಪರಾಧ. ಕನಿಷ್ಠಪಕ್ಷ ಐವತ್ತು ವರುಷಗಳವರೆಗೆ ನಾನು ನನಗೆ ಹೇಳಿಕೊಂಡ ಅಪರಾಧ ಇಷ್ಟೇ.

ದೀಪಾವಳಿಯ ತರುವಾಯ ಕಾಕಾ ಸುರುಳಿಯನ್ನು ಬೆಳಗಾವಿಯ ಒಂದು ಸ್ಟುಡಿಯೋಕ್ಕೆ ತೊಳೆಯಲು ಕೊಟ್ಟನು. ಮುಂದಿನ ಸಲ ಊರಿಗೆ ಬಂದಾಗ ಅವನ ಮುಖ ಕೆಂಪಾಗಿತ್ತು. ಚಿತ್ರಗಳೆಲ್ಲ ಸುಟ್ಟುಹೋಗಿದ್ದವು. ಸ್ಟುಡಿಯೋದವನು ಸುರುಳಿಯನ್ನು ಬೆಳಕಿನಲ್ಲಿ ಬಿಚ್ಚಿರಬೇಕೆಂದು ಕಾಕಾ ಅವನೊಡನೆ ಜಗಳ ತೆಗೆದನಂತೆ. ಅಂಗಡಿಯ ಮುಂದೆ ಜನ ಕೂಡುವಂತೆ ಬೈದನಂತೆ. ತೊಳೆದುದರ ಹಣ ಕೊಡದೆ, ಕೆಟ್ಟ ಪಟ್ಟಿಯನ್ನು ಕಸಿದುಕೊಂಡು ಬಂದನಂತೆ. ಪಡಸಾಲೆಯಲ್ಲಿ ಕುಳಿತು ಇದನ್ನೆಲ್ಲ ಅವನು ನನ್ನ ತಂದೆಗೆ ಹೇಳುವಾಗ ನಾನು ಕಂಬದ ಹಿಂದೆ ನಿಂತಿದ್ದೆನು. ಬಾಯಿ ಬಿಡಲಿಲ್ಲ. ಇನ್ನೊಂದು ಚಿತ್ರ ತೆಗೆಯುತ್ತೇನೆಂದು ಕಾಕಾ ಆಯಿಗೆ ಹೇಳಿದನು. ‘ಒಮ್ಮೆ ಆತಲ್ಲ, ಸಾಕು’ ಎಂದು ಅವಳು ಎದ್ದುಹೋದಳು. ಬನದ ಹುಣ್ಣಿಮೆಗೆ ಮೊದಲೇ, ನಾಲ್ಕು ದಿನದ ಜ್ವರದಿಂದ ಅವಳು ತೀರಿಕೊಂಡಳು. ಚಿತ್ರವೇ ಅವಳನ್ನು ಒಯ್ದಿತೆಂದು ಓಣಿಯ ಹೆಂಗಸರು ಪಿಸುಗುಟ್ಟಿದರು. ಚಿತ್ರವಂತೂ ಉಳಿಯಲಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಅಜ್ಜನ ಒಂದು ಪಟವಿದೆ. ಅದರ ಬದಿಯಲ್ಲಿ ಒಂದು ಖಾಲಿ ಮೊಳೆ ಬಹಳ ವರುಷ ಇದ್ದಿತು.

ಆ ಪಟ್ಟಿಯನ್ನು ನಾನು ಇನ್ನೊಮ್ಮೆ ಕಂಡದ್ದು ೧೯೮೦ರ ಫೆಬ್ರುವರಿ ೧೬ರಂದು. ಅಂದಿನ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾಯ್ದುಹೋದುದನ್ನು ನನ್ನ ವಯಸ್ಸಿನವರು ಮರೆತಿರಲಿಕ್ಕಿಲ್ಲ. ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ಕಾಕಾ ಮಾತ್ರ ಟ್ರಂಕಿನಿಂದ ಆ ಪಟ್ಟಿಯನ್ನು ತೆಗೆದು, ಅದರ ಕಪ್ಪು ಭಾಗವನ್ನು ಎರಡು ಪದರು ಮಾಡಿ, ಅದರೊಳಗಿಂದ ನಮಗೆಲ್ಲ ಕುಡುಗೋಲಿನಂತಾದ ಸೂರ್ಯನನ್ನು ತೋರಿಸಿದನು. (ಹಾಗೆ ನೋಡುವದು ಕಣ್ಣಿಗೆ ಅಪಾಯವೆಂದು ಈಗಿನ ವೈದ್ಯರು ಹೇಳುವರು, ಯಾರೂ ಅನುಕರಿಸಬಾರದು.) ಸೂರ್ಯನೂ ಹಾಯದಷ್ಟು ಕಪ್ಪಾಗಿದ್ದ ಆ ಜಾಗದಲ್ಲಿಯೇ ಎಲ್ಲಿಯೋ ಆಯಿ ಇದ್ದಳೆಂಬುದು ಅಂದು ನನಗೆ ಹೊಳೆಯಿತು. ಆದರೂ ಹೇಳಲಿಲ್ಲ.

೨೦೨೨ರಲ್ಲಿ ಕಾಕಾ ತನ್ನ ಟ್ರಂಕನ್ನು ನನಗೆ ಕಳಿಸಿಕೊಟ್ಟನು. ಅವನು ಬೈಲಹೊಂಗಲದಲ್ಲಿ ಮಗನ ಮನೆಯಲ್ಲಿದ್ದಾನೆ. ಎರಡೂ ಕಣ್ಣು ಹೆಚ್ಚುಕಡಿಮೆ ಹೋಗಿವೆ. ‘ಮಾಸ್ತರಗ ಕೊಡ್ರಿ, ಅವಗ ಈಗ ಕೆಲಸಿಲ್ಲ’ ಎಂದನಂತೆ. ಕ್ಯಾಮರಾದ ಮಸೂರವು ತಿರುಗುತ್ತಿರಲಿಲ್ಲ. ಈ ಕಂಪನಿಯವರು ಹಚ್ಚಿದ ಜಿಡ್ಡು ವರುಷಗಳು ಕಳೆದಂತೆ ಅರಗಿನಂತೆ ಗಟ್ಟಿಯಾಗುವದೆಂಬದು ಬಲ್ಲವರಲ್ಲಿ ಪ್ರಸಿದ್ಧವಾದ ದೋಷವಂತೆ; ಸ್ಪಿರಿಟ್ಟು ಹನಿಸಿ, ದಿನಕ್ಕೆ ಕೂದಲೆಳೆಯಷ್ಟು ತಿರುಗಿಸುತ್ತ ಹದಿನೈದು ದಿನಕ್ಕೆ ಅದನ್ನು ಬಿಡಿಸಿದೆನು. ಕತ್ತಲ ಕೋಣೆಯಲ್ಲಿ ತಿದಿಯೊಳಗೆ ಬ್ಯಾಟರಿ ಹಿಡಿದು ನೋಡಿದಾಗ ಮಡಿಕೆಯ ಮೂಲೆಗಳಲ್ಲಿ ಏಳು ನಕ್ಷತ್ರಗಳು ಮಿನುಗಿದವು, ಸಪ್ತರ್ಷಿಮಂಡಲವೇ ಸರಿ. ಬೈಲಹೊಂಗಲದ ಕಡೆ ಪೇಟಿ ರಿಪೇರಿ ಮಾಡುವ ಒಬ್ಬರು ತೆಳ್ಳನೆಯ ತೊಗಲಿನಿಂದ ಅವನ್ನು ಮುಚ್ಚಿಕೊಟ್ಟರು. ಕೂಲಿ ಕೇಳಿದರೆ ‘ಇದು ನುಡಿಯೂದಿಲ್ಲಲ್ಲರಿ, ಏನ ತಗೊಳ್ಳಿ’ ಎಂದು ನಕ್ಕರು.

ಅನಂತರ ವಿದ್ಯಾಭ್ಯಾಸ. ಈ ಯಂತ್ರಕ್ಕೆ ದೂರವನ್ನು ಅಳೆಯುವ ಸಾಧನವಿಲ್ಲ. ಕಣ್ಣಳತೆಯಿಂದ ಗುರುತಿಸಿ ಮಸೂರದ ಉಂಗುರವನ್ನು ತಿರುಗಿಸಬೇಕು. ನಾನು ಒಂದು ಹುರಿಗೆ ಐದು, ಎಂಟು, ಹತ್ತು ಅಡಿಗಳಿಗೆ ಗಂಟು ಹಾಕಿಕೊಂಡಿದ್ದೇನೆ. ಬೆಳಕನ್ನು ಅಳೆಯುವ ಸಾಧನವೂ ಇಲ್ಲ. ನಿಚ್ಚಳ ಬಿಸಿಲಿದ್ದರೆ ರಂಧ್ರವನ್ನು ೧೬ಕ್ಕೆ ಇಟ್ಟು, ಫಿಲ್ಮಿನ ವೇಗ ೧೦೦ರ ಹತ್ತಿರವಿದ್ದರೆ ಸೆಕೆಂದಿನ ನೂರನೆಯ ಒಂದು ಭಾಗ ತೆರೆಯಬೇಕೆಂಬದು ಹಳಬರ ಸೂತ್ರ. ಮೋಡ ಕವಿದರೆ ರಂಧ್ರವನ್ನು ಒಂದು ಮೆಟ್ಟಲು ಹಿಗ್ಗಿಸುವದು, ನೆರಳಿಗೆ ಇನ್ನೆರಡು. ಪಾಣಿನಿಯ ಸೂತ್ರಗಳನ್ನು ಬಾಯಿಪಾಠ ಮಾಡಿದವನಿಗೆ ಇದೇನು ಹೊರೆಯೇ? ಆದರೆ ನೋಡುವ ಗಾಜಿನಲ್ಲಿ ಎಡವು ಬಲವಾಗಿಯೂ ಬಲವು ಎಡವಾಗಿಯೂ ಕಾಣುವದಕ್ಕೆ ಮಾತ್ರ ನಾನು ಇನ್ನೂ ಒಗ್ಗಿಕೊಂಡಿಲ್ಲ. ಗುಡಿಯ ಶಿಖರವನ್ನು ಒಳಗೆ ತರಲು ಹೋಗಿ ಪ್ರತಿಸಲವೂ ಹೊರಗೆ ತಳ್ಳುತ್ತೇನೆ. ಒಂದು ಚಿತ್ರ ತೆಗೆದ ಮೇಲೆ ಕೀಲಿ ತಿರುಗಿಸುವದನ್ನು ಮರೆತರೆ ಎರಡು ಚಿತ್ರಗಳು ಒಂದರ ಮೇಲೊಂದು ಕೂಡುವವು. ಹೀಗೆ ನಮ್ಮ ಪಕ್ಕದ ಮನೆಯ ಎಮ್ಮೆಯು ಜೋಡುಗುಡಿಯ ಬಾಗಿಲಲ್ಲಿ ದ್ವಾರಪಾಲಕನಂತೆ ನಿಂತ ಚಿತ್ರವೊಂದು ನನ್ನಲ್ಲಿದೆ.

ಫಿಲ್ಮು ಇಂಗ್ಲೆಂಡಿನ ಇಲ್‌ಫರ್ಡ್ ಕಂಪನಿಯದು. ಮುಂಬಯಿಯಿಂದ ಅಂಚೆಯಲ್ಲಿ ತರಿಸುವೆನು. ತೊಳೆಯುವದು ನಾನೇ. ಎರಡು ಪದರಿನ ಕರಿಯ ಬಟ್ಟೆಯ ಚೀಲದೊಳಗೆ ತೋಳಿನ ತನಕ ಕೈ ತುಂಬಿ, ಸುರುಳಿ ಬಿಚ್ಚಿ, ಬೆನ್ನ ಕಾಗದವನ್ನು ಬೇರ್ಪಡಿಸಿ, ಫಿಲ್ಮನ್ನು ಚಕ್ರಕ್ಕೆ ಏರಿಸಿ, ಡಬ್ಬಿಯೊಳಗಿಟ್ಟು ಮುಚ್ಚುವ ತನಕ ಎಲ್ಲವೂ ಬೆರಳ ಮೇಲೆಯೇ ನಡೆಯಬೇಕು. ಕತ್ತಲೆಯೆಂಬದು ಬೆಳಕಿನ ಅಭಾವವೇ ಹೊರತು ಬೇರೊಂದು ದ್ರವ್ಯವಲ್ಲವೆಂದು ನೈಯಾಯಿಕರು ಸಾಧಿಸುತ್ತಾರೆ; ಅದು ದ್ರವ್ಯವೇ ಎಂದು ಭಾಟ್ಟ ಮೀಮಾಂಸಕರ ವಾದ. ಪಾಠಶಾಲೆಯಲ್ಲಿ ನಾನು ನೈಯಾಯಿಕರ ಪಕ್ಷದಲ್ಲಿದ್ದೆನು. ಆ ಚೀಲದೊಳಗೆ ಕೈ ಬೆವತು, ಫಿಲ್ಮು ಚಕ್ರಕ್ಕೆ ಏರದೆ ಅರ್ಧಗಂಟೆ ಒದ್ದಾಡಿದ ದಿನ ಮೀಮಾಂಸಕರ ಕಡೆಗೆ ಮನಸ್ಸು ಸ್ವಲ್ಪ ಒಲಿಯಿತೆಂದು ಒಪ್ಪಿಕೊಳ್ಳಲೇಬೇಕು. ಮದ್ದಿನ ನೀರು ೨೦ ಡಿಗ್ರಿ ಇರಬೇಕು, ಆಗ ಎಂಟೂವರೆ ನಿಮಿಷ ಸಾಕು. ನಮ್ಮ ಊರಿನ ಬೇಸಿಗೆಯಲ್ಲಿ ಇಪ್ಪತ್ತು ಡಿಗ್ರಿಯ ನೀರು ಎಲ್ಲಿಂದ ಬರಬೇಕು? ಬೆಳಗಿನ ನಾಲ್ಕು ಗಂಟೆಗೆ ಮಣ್ಣಿನ ಹರವಿಯಲ್ಲಿ ತಣಿದ ನೀರನ್ನು ಬಳಸಿಕೊಳ್ಳುತ್ತೇನೆ. ಅದೂ ಬೆಚ್ಚಗಿದ್ದರೆ ಸಮಯವನ್ನು ಕಡಿಮೆ ಮಾಡುವದು.

ಈ ತೊಳೆಯುವ ಕ್ರಿಯೆಯ ತತ್ತ್ವ ಬಹು ಸೊಗಸಾದದು. ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಲೇಪವಿರುವದು. ಬೆಳಕು ತಾಕಿದಾಗ ಅದರಲ್ಲಿ ಕಣ್ಣಿಗೆ ಕಾಣದ ಒಂದು ಮಾರ್ಪಾಡು ಆಗುವದು, ಅಷ್ಟೇ. ಆ ಗುಪ್ತಬಿಂಬವು ತಿಂಗಳುಗಟ್ಟಲೆ, ವರುಷಗಟ್ಟಲೆ ಹಾಗೆಯೇ ಮಲಗಿರಬಲ್ಲದು. ಮದ್ದಿನ ನೀರು ಬಿದ್ದಾಗ ಬೆಳಕು ತಾಕಿದ ಕಣಗಳು ಮಾತ್ರ ಕಪ್ಪಾದ ಬೆಳ್ಳಿಯಾಗುವವು. ಉಳಿದ ಲವಣವನ್ನು ಹೈಪೋ ಎಂಬ ದ್ರಾವಣವು ಕರಗಿಸಿ ಒಯ್ಯುವದು. ಹರ್ಷೆಲ್ ಎಂಬ ವಿಜ್ಞಾನಿಯು ೧೮೧೯ರಲ್ಲಿಯೇ ಹೈಪೋದ ಈ ಗುಣವನ್ನು ಕಂಡಿದ್ದನು. ಛಾಯಾಚಿತ್ರವೇ ಇನ್ನೂ ಹುಟ್ಟಿರದ ಕಾಲವದು. ನಮ್ಮ ತರ್ಕದಲ್ಲಿಯೂ ಇದಕ್ಕೆ ಸಮನಾದ ಮಾತುಂಟು. ಅನುಭವವು ಆತ್ಮದಲ್ಲಿ ಒಂದು ಸಂಸ್ಕಾರವನ್ನು ಬಿಟ್ಟುಹೋಗುವದು; ಯಾವುದೋ ಒಂದು ಉದ್ಬೋಧಕವು ಒದಗಿದಾಗ ಆ ಸಂಸ್ಕಾರವು ಎಚ್ಚತ್ತು ಸ್ಮೃತಿಯಾಗುವದು. ಮದ್ದಿನ ನೀರೇ ಉದ್ಬೋಧಕ. ಆದರೆ ಅದೇ ತರ್ಕವು ಇನ್ನೊಂದು ಮಾತನ್ನೂ ಹೇಳುತ್ತದೆ. ಸ್ಮೃತಿಯನ್ನು ಅದು ಪ್ರಮೆಯ ಸಾಲಿನಲ್ಲಿ ಕೂಡಿಸುವದಿಲ್ಲ. ನೆನಪು ಪ್ರಮಾಣವಲ್ಲ. ಮೂವತ್ತು ವರುಷ ಇದನ್ನು ನಾನು ಬಲ್ಲವನಾಗಿದ್ದೆ. ಅರ್ಥವಾದದ್ದು ಮಾತ್ರ ಈಗ.

ಅದು ಹೀಗೆ ಆಯಿತು. ಕಳೆದ ವರುಷ ಒಂದು ಬೆಳಗ್ಗೆ ಜೋಡುಗುಡಿಯ ಎದುರಿಗೆ ಐದು ಚಿತ್ರ ತೆಗೆದು, ಎಂಟೂ ಮುಗಿದವೆಂಬ ಭ್ರಮೆಯಿಂದ ನಾನು ಹಿಂದಿನ ಬಾಗಿಲನ್ನು ತೆರೆದೆನು. ಅರೆಕ್ಷಣದಲ್ಲಿ ತಪ್ಪು ತಿಳಿದು ಮುಚ್ಚಿದೆನು. ಎದೆ ಧಸಕ್ಕೆಂದಿತು, ಒಂಬತ್ತು ವರುಷದ ಹುಡುಗನ ಎದೆಯೇ ಅದು. ಎಲ್ಲ ಹಾಳಾಯಿತೆಂದುಕೊಂಡು ಉಳಿದ ಮೂರನ್ನು ಹೇಗೋ ಮುಗಿಸಿ ಮನೆಗೆ ಬಂದು ತೊಳೆದೆನು. ಆದರೆ ಎಲ್ಲ ಹಾಳಾಗಿರಲಿಲ್ಲ. ಮೊದಲಿನ ಮೂರು ಚಿತ್ರಗಳು ಅಂಚಿಗೆ ಸ್ವಲ್ಪ ಕಪ್ಪೇರಿದುದು ಬಿಟ್ಟರೆ ಸುರಕ್ಷಿತವಾಗಿದ್ದವು. ನಾಲ್ಕನೆಯದು ಅರೆಬರೆ, ಐದನೆಯದು ಮಾತ್ರ ಪೂರ್ತಿ ಸುಟ್ಟಿತ್ತು. ಕಾರಣ ಸರಳವಾದುದು. ತೆಗೆದ ಚಿತ್ರಗಳು ಎದುರಿನ ಕಡ್ಡಿಗೆ ಸುತ್ತಿಕೊಳ್ಳುತ್ತ ಹೋಗುವವು. ಮೊದಲನೆಯದು ಎಲ್ಲಕ್ಕೂ ಒಳಗೆ. ಅದರ ಮೇಲೆ ಕರಿಯ ಕಾಗದ, ಮತ್ತೆ ಎರಡನೆಯದು, ಮತ್ತೆ ಕಾಗದ. ಬಾಗಿಲು ತೆರೆದರೆ ಹೊರಗಿನ ಸುತ್ತುಗಳು ಸಾಯುವವು, ಒಳಗಿನವು ಬದುಕುವವು.

ಹಸಿಯ ಪಟ್ಟಿಯನ್ನು ಹಗ್ಗಕ್ಕೆ ತೂಗಹಾಕಿ ನಾನು ಬಹಳ ಹೊತ್ತು ಅದರ ಮುಂದೆಯೇ ಕುಳಿತೆನು. ಮೊದಲು ಬಂದದ್ದು ಸಂತೋಷ. ಆಯಿಯ ಚಿತ್ರ ಎರಡನೆಯದು. ಬಾಗಿಲು ತೆರೆದು ಕೂಡಲೆ ಮುಚ್ಚಿದ ನಾನು ಅದನ್ನು ಕೊಂದಿರಲಾರೆ! ಐವತ್ತು ವರುಷ ಹೊತ್ತ ಹೊರೆ ಸುಳ್ಳಾಯಿತಲ್ಲವೇ? ಹಾಗಾದರೆ ತಪ್ಪು ಸ್ಟುಡಿಯೋದವನದೇ. ಕಾಕಾ ಬೈದದ್ದು ನ್ಯಾಯವೇ.

ಈ ಸಮಾಧಾನವು ಒಂದು ದಿನ ನಿಂತಿತು. ಮರುದಿನ ಟ್ರಂಕಿನ ತಳದಲ್ಲಿ ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಸುತ್ತಿಟ್ಟಿದ್ದ ಆ ಹಳೆಯ ಪಟ್ಟಿಯನ್ನು ತೆಗೆದು ಕಿಟಕಿಗೆ ಹಿಡಿದೆನು. ಒಂದರಿಂದ ಐದರವರೆಗೆ ಅಂಚಿನಿಂದ ಅಂಚಿಗೆ ಒಂದೇ ಸಮನೆ ಕಾಡಿಗೆ. ಆರನೆಯದು ಅರ್ಧ ಕಪ್ಪು, ಅರ್ಧ ಮಬ್ಬು. ಏಳು ಮತ್ತು ಎಂಟು ಸ್ವಚ್ಛವಾದ ನೆಗೆಟಿವುಗಳು! ಸಿಟ್ಟಿನ ಭರದಲ್ಲಿ ಕಾಕಾ ಅವೆರಡರ ಪ್ರತಿಯನ್ನೂ ತೆಗೆಸಿರಲಿಲ್ಲ.

ಇನ್ನು ವಿಚಾರಣೆ. ಸ್ಟುಡಿಯೋದವನು ಮುಗಿದ ಸುರುಳಿಯನ್ನು ಬೆಳಕಿನಲ್ಲಿ ಬಿಚ್ಚಿದ್ದರೆ ಮೊದಲು ಕೆಡಬೇಕಾದದ್ದು ಎಲ್ಲಕ್ಕೂ ಹೊರಗಿರುವ ಎಂಟನೆಯದು. ಕೊನೆಗೆ ಉಳಿಯಬೇಕಾದದ್ದು ಮೊದಲನೆಯದು. ಇಲ್ಲಿ ಆದದ್ದು ಅದಕ್ಕೆ ತೀರ ವಿರುದ್ಧ. ಮದ್ದು ಕೆಟ್ಟಿದ್ದರೆ ಪಟ್ಟಿ ಬೆಳ್ಳಗಾಗಬೇಕಿತ್ತು, ಕಪ್ಪಾಗಲು ಕಾರಣವಿಲ್ಲ. ತಿದಿಯಲ್ಲಿ ತೂತಿದ್ದರೆ ಏಳು ಎಂಟಕ್ಕೂ ಆ ಕಲೆ ಹತ್ತಬೇಕಿತ್ತು. ಆದುದರಿಂದ ಬೆಳಕು ಬಿದ್ದದ್ದು ಐದು ಚಿತ್ರಗಳಾದ ಮೇಲೆ, ಆರು ತೆಗೆಯುವ ಮೊದಲು. ಎಂದರೆ ಕ್ಯಾಮರಾ ನಮ್ಮ ಮನೆಯ ಗೂಡಿನಲ್ಲಿ ಇದ್ದಾಗ. ಮತ್ತು ಒಳಗಿನ ಸುತ್ತುಗಳೂ ಹೀಗೆ ಒಂದೇ ಸಮನೆ ಸುಡಬೇಕಾದರೆ ಬಾಗಿಲು ತೆರೆದರಷ್ಟೇ ಸಾಲದು. ಯಾರೋ ಸುರುಳಿಯನ್ನು ಕಡ್ಡಿಯಿಂದ ಎಳೆದು, ಮೊದಲನೆಯ ಚಿತ್ರದ ತನಕ ಬಿಚ್ಚಿ, ಹುಡುಕಿರಬೇಕು.

ಆ ಯಾರೋ ಯಾರು? ಆಗ ಕೈಯ ನೆನಪು ಎಚ್ಚತ್ತಿತು. ಮಸೂರದ ಬದಿಯ ಕೀಲಿಯನ್ನು ನಾನು ಬಹಳ ಸಲ ತಿರುಗಿಸಿದ್ದೆ; ಕಿರ್ರ್ ಕಿರ್ರ್ ಎಂಬ ಅದರ ಸದ್ದಿಗೆ ಒಳಗೆ ಯಾರಾದರೂ ಏಳುವರೆಂದು ಬೆವತಿದ್ದೆ; ಕೆಂಪು ಕಿಟಕಿಯಲ್ಲಿ ‘೬’ ಎಂಬ ಇಂಗ್ಲೀಷ ಅಂಕಿ ಬಂದು ನಿಲ್ಲುವವರೆಗೆ ಬಿಟ್ಟಿರಲಿಲ್ಲ. ಬಾಗಿಲು ತೆರೆದು ಕೂಡಲೆ ಮುಚ್ಚಿದವನಿಗೆ ಕೀಲಿ ತಿರುಗಿಸುವ ಕೆಲಸವೇನು? ಎಳೆದು ಬಿಚ್ಚಿದ್ದನ್ನು ಮರಳಿ ಸುತ್ತುವದಕ್ಕಲ್ಲದೆ ಅದು ಮತ್ತಾತಕ್ಕೆ? ನೆನಪು ಐವತ್ತು ವರುಷಗಳಿಂದ ನನ್ನ ಪರವಾಗಿ ವಕಾಲತ್ತು ಮಾಡುತ್ತ, ಅಪರಾಧವನ್ನು ಕತ್ತರಿಸಿ ಸಣ್ಣದು ಮಾಡಿ, ಹೊರಲು ಬರುವಷ್ಟೇ ನನ್ನ ತಲೆಯ ಮೇಲೆ ಇಟ್ಟಿದ್ದಿತು. ಪಟ್ಟಿಗೆ ಆ ದಾಕ್ಷಿಣ್ಯವಿಲ್ಲ.

ಎಂಟನೆಯ ಚಿತ್ರದಲ್ಲಿ ಏನಿದೆಯೆಂದು ನೋಡಬೇಕಾಯಿತು. ಮೊಮ್ಮಗಳು ತನ್ನ ಮೊಬೈಲಿನ ಬಿಳಿಯ ಪರದೆಯ ಮೇಲೆ ಪಟ್ಟಿಯನ್ನಿಟ್ಟು, ತನ್ನ ತಾಯಿಯ ಮೊಬೈಲಿನಿಂದ ಅದರ ಚಿತ್ರ ತೆಗೆದು, ಕಪ್ಪನ್ನು ಬಿಳಿಯಾಗಿ ತಿರುವಿದಳು. ಏಳನೆಯದರಲ್ಲಿ ನಮ್ಮ ಜೋಡೆತ್ತುಗಳು, ಕೋಡಿಗೆ ಗೊಂಡೆ ಕಟ್ಟಿಕೊಂಡು. ಎಂಟನೆಯದರಲ್ಲಿ ಒಬ್ಬ ಹುಡುಗ. ತೊಳೆದು ಬಾಚಿದ ತಲೆ, ಮೊಣಕಾಲು ಮುಚ್ಚುವ ಚಡ್ಡಿ, ಕೈಯಲ್ಲಿ ಬನ್ನಿಯ ಎಲೆ. ‘ಅಜ್ಜಾ, ಈ ಹುಡುಗ ಯಾಕ ಹಿಂಗ ಅಂಜ್ಯಾನ?’ ಎಂದು ಅವಳು ಕೇಳಿದಳು. ಕಾಕಾ ಸುರುಳಿಯ ಕೊನೆಯ ಚಿತ್ರವನ್ನು ನನ್ನ ಮೇಲೆಯೇ ಖರ್ಚು ಮಾಡಿದ್ದನೆಂಬದು ನನಗೆ ಮರೆತೇಹೋಗಿತ್ತು. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನೇ ಬರೆದ ಚಿತ್ರದ ಮುಂದೆ ಕುಳಿತು, ಬರೆದ ದುಂಬಿಯನ್ನು ನಿಜವೆಂದು ಗದರಿಸುವದನ್ನು ನಾನು ಎಷ್ಟು ವರುಷ ಪಾಠ ಹೇಳಿದ್ದೇನೋ! ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅಂದು ಆ ಪುಟ್ಟ ಪರದೆಯೊಳಗಿನ ಹುಡುಗನನ್ನು ನಾನು ಕೂಡ ಹಾಗೆಯೇ ಗದರಿಸಿದೆನೆಂದು ತೋರುತ್ತದೆ. ಮೊಮ್ಮಗಳು ಮೊಬೈಲು ಕಸಿದುಕೊಂಡು ಒಳಗೆ ಹೋದಳು.

ಒಂದು ವಾರ ತಡೆದು, ಪಟ್ಟಿಯನ್ನೂ ಕ್ಯಾಮರಾವನ್ನೂ ತೆಗೆದುಕೊಂಡು ಬೈಲಹೊಂಗಲದ ಬಸ್ಸು ಹತ್ತಿದೆನು. ಕಾಕಾನಿಗೆ ಈಗ ಎಂಬತ್ತೇಳು. ಅಂಗಳದ ನೆರಳಿನಲ್ಲಿ ಕುರ್ಚಿಯ ಮೇಲೆ ಕುಳಿತಿದ್ದನು. ನಾನು ಎಲ್ಲವನ್ನೂ ಹೇಳಿದೆನು. ಪಟ್ಟಿಯನ್ನು ಕೈಯಲ್ಲಿಟ್ಟೆನು. ಕಣ್ಣಿಲ್ಲದವನಿಗೆ ಕಪ್ಪೇನು ಬಿಳಿಯೇನು? ಆದರೂ ಅವನು ಅದರ ಅಂಚನ್ನು ಬೆರಳಿನಿಂದ ಸವರುತ್ತ, ಮೊದಲಿನಿಂದ ಕೊನೆಯವರೆಗೆ ಬಂದನು.

‘ಹಂಗಾರ ಆ ಮನಶ್ಯಾಂದು ತಪ್ಪ ಇರಲಿಲ್ಲ’ ಎಂದನು.

‘ಇರಲಿಲ್ಲ ಕಾಕಾ.’

‘ಮಂದಿ ಮುಂದ ಬೈದೆ ಅವಗ. ಅವನ ಹೇಣ್ತಿ ಒಳಗಿಂದ ಬಂದು ನಿಂತಿದ್ಲು.’ ಸ್ವಲ್ಪ ಹೊತ್ತು ಸುಮ್ಮನಿದ್ದನು. ‘ನೀ ಆವಾಗ ಹೇಳಿದ್ರ ನಾ ಬಡೀತಿದ್ದೆ. ಬಡದು ಮರತ ಬಿಡತಿದ್ದೆ.’

ನಾನು ಏನು ಹೇಳಲಿ? ಒಳಗಿನಿಂದ ಚಹಾ ಬಂದಿತು. ಕುಡಿದಾದ ಮೇಲೆ ಕಾಕಾ ಬೇರೆ ಧ್ವನಿಯಲ್ಲಿ ಕೇಳಿದನು: ‘ಅವ್ವ ಆ ಚಿತ್ರದಾಗ ಏನ ಮಾಡಾಕ ಹತ್ತಿದ್ಲು, ನಿನಗ ನೆನಪೈತೇನು?’

‘ಮೊರದಾಗ ಜೋಳ ಹಸನ ಮಾಡಾಕ ಹತ್ತಿದ್ಲು.’

‘ಅಲ್ಲ. ಜೋಳ ಹಸನ ಮಾಡಾಕ ಕುಂತಿದ್ಲು ಖರೆ. ನಾ ಕ್ಯಾಮರಾ ತಗದಕೂಡ್ಲೆ ಮೊರ ಬಾಜೂಕ ಇಟ್ಟು, ಸೆರಗ ಹೊತ್ತು, ಕೈ ಮುಗದು ಕುಂತ್ಲು. ದೇವ್ರ ಮುಂದ ಕುಂತಂಗ.’

ನನ್ನ ಕಣ್ಣಿನಲ್ಲಿ ಮೊರವಿದೆ, ಹೊಟ್ಟು ಹಾರುತ್ತಿದೆ, ಅವಳು ತಲೆ ಎತ್ತಿಲ್ಲ. ಅವನ ಕಣ್ಣಿನಲ್ಲಿ ಅವಳು ಕೈ ಮುಗಿದಿದ್ದಾಳೆ. ನಾವಿಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದೆವು. ಕಾಕಾನ ಸೊಸೆ ಏನು ಜಗಳವೆಂದು ಹೊರಗೆ ಬಂದು ನೋಡಿದಳು. ತೀರ್ಪು ಹೇಳಬಲ್ಲ ಸಾಕ್ಷಿ ಅವನ ತೊಡೆಯ ಮೇಲೆಯೇ ಕಪ್ಪಾಗಿ ಬಿದ್ದಿತ್ತು.

ಹೊರಡುವ ಮೊದಲು ಅವನ ಚಿತ್ರ ತೆಗೆಯುವೆನೆಂದೆ. ನೆರಳಿನಲ್ಲಿ ಬೆಳಕು ಸಾಲದು. ರಂಧ್ರವನ್ನು ಪೂರ್ತಿ ಹಿಗ್ಗಿಸಿ, ಇಪ್ಪತ್ತೈದರಲ್ಲಿ ಒಂದು ಸೆಕೆಂದು ಇಟ್ಟು, ಕೈ ನಡುಗಬಾರದೆಂದು ಕ್ಯಾಮರಾವನ್ನು ಸ್ಟೂಲಿನ ಮೇಲೆ ಪುಸ್ತಕಗಳನ್ನು ಪೇರಿಸಿ ಕೂಡಿಸಿದೆನು. ಹುರಿಯ ಒಂದು ತುದಿಯನ್ನು ಕಾಕಾ ತನ್ನ ಮೂಗಿಗೆ ಹಿಡಿದನು. ಎರಡನೆಯ ಗಂಟು ಮಸೂರಕ್ಕೆ ಬಂದಿತು. ‘ಹಿಂದಿನ ಬಾಗಲಾ ತಗದಗಿದಿ ಮತ್ತ’ ಎಂದು ಅವನು ಹೇಳುತ್ತಿರುವಾಗಲೇ ಗುಂಡಿ ಒತ್ತಿದೆನು. ಬಾಯಿ ತೆರೆದೇ ಇದ್ದುದರಿಂದ ಚಿತ್ರದಲ್ಲಿ ತುಟಿಗಳು ಮಸುಕಾಗಿವೆ. ಉಳಿದ ಮುಖ ನೆಟ್ಟಗೆ ಬಂದಿದೆ.

ಆ ಸ್ಟುಡಿಯೋದವನನ್ನು ಹುಡುಕಬೇಕೆಂದು ಬಸ್‌ಸ್ಟ್ಯಾಂಡಿನವರೆಗೂ ಬಂದ ಅವನ ಮಗನ ಕೈಯಲ್ಲಿ ಕಾಕಾ ಹೇಳಿಕಳಿಸಿದನು. ಮುಂದಿನ ಸೋಮವಾರ ಬೆಳಗಾವಿಗೆ ಹೋದೆನು. ಕಾಕಾ ಹೇಳಿದ ಗುರುತಿನ ಜಾಗದಲ್ಲಿ ಈಗ ಮೊಬೈಲಿನ ಅಂಗಡಿಯಿದೆ. ಎದುರಿನ ಗಡಿಯಾರ ರಿಪೇರಿಯ ಮುದುಕನಿಗೆ ಮಾತ್ರ ಅವರ ನೆನಪಿತ್ತು. ಅವರು ತೀರಿಕೊಂಡು ಬಹಳ ವರುಷಗಳಾದವೆಂದೂ, ಮಕ್ಕಳು ಅಂಗಡಿ ಮಾರಿ ಊರು ಬಿಟ್ಟರೆಂದೂ ಹೇಳಿದನು. ಎಲ್ಲಿಗೆ ಹೋದರೆಂಬದು ಅವನಿಗೆ ತಿಳಿಯದು. ತೊಳೆದುದರ ಹಣ ಎಷ್ಟಿತ್ತೆಂದು ಕಾಕಾನನ್ನು ಕೇಳಿಕೊಂಡು ಹೋಗಿದ್ದೆನು. ಅದು ಕಿಸೆಯಲ್ಲಿಯೇ ಮರಳಿ ಬಂದಿತು.

ರಾತ್ರಿ ಕಾಕಾನಿಗೆ ಫೋನು ಮಾಡಿ ತಿಳಿಸಿದೆನು. ‘ಆತು’ ಎಂದನು. ಸ್ವಲ್ಪ ತಡೆದು, ತನ್ನ ಚಿತ್ರ ಯಾವಾಗ ತರುವಿ ಎಂದು ಕೇಳಿದನು. ಕಾಗದಕ್ಕೆ ಬರೆದಿದ್ದೇನೆ, ಬಂದ ಕೂಡಲೆ ಪ್ರತಿ ತೆಗೆದು ತರುವೆನೆಂದೆ.